ವಾರಿಜಕ್ಕನ ಸೌದೆ ಕೊಟ್ಟಿಗೆ

“ವರ್ಷದಲ್ಲಿ ಒಮ್ಮೆಯೂ ಕೈ ತಾಗದ ಸಾಮಾನು ಈ ಕೋಣೆಯಲ್ಲಿ ಇರುವ ಹಾಗಿಲ್ಲ ಅಂಕಲ್. ಅದಕ್ಕೆ ಕೆಂಪು ಚೀಟಿ. ಚೀಟಿ ಬಿದ್ದದ್ದೆಲ್ಲ ಮಧ್ಯಾಹ್ನದೊಳಗೆ ಹೊರಗೆ.”

“ಹಾಗಾದರೆ ಆ ಬೆಂಕಿ ನಂದಿಸುವ ಸಿಲಿಂಡರಿಗೂ ಅಂಟಿಸಿ ಮೇಡಂ. ಅದನ್ನು ಹನ್ನೊಂದು ವರ್ಷದಿಂದ ಯಾರೂ ಮುಟ್ಟಲಿಲ್ಲ.”

ಪ್ರಣೀತಾ ನಗಲಿಲ್ಲ. “ಹನ್ನೊಂದು ವರ್ಷವಾ?” ಎಂದು ಕೇಳಿ, ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು.

ಸಿಲಿಂಡರಿನ ಮಾತು ಎತ್ತಿದವನು ಕರುಣಾಕರ. ಕಾಪುವಿನ ಕಡಲ ದಾರಿಯಲ್ಲಿ ಮೀನಿನ ಬೋಟುಗಳಿಗೆ ಬಲೆ ಎಳೆಯುವ ವಿಂಚ್ ತಯಾರಿಸುವ ‘ಪಡುಗಾಳಿ ಎಂಜಿನಿಯರಿಂಗ್ ವರ್ಕ್ಸ್’ನಲ್ಲಿ ಅವನು ಇಪ್ಪತ್ತಾರು ವರ್ಷಗಳಿಂದ ಸ್ಟೋರ್ ಕೀಪರ್. ಅವನ ಸ್ಟೋರಿನಲ್ಲಿ ಇಲ್ಲದ್ದು ಯಾವುದೂ ಇರಲಿಲ್ಲ. ತುಕ್ಕು ಹಿಡಿದ ಲಂಗರಿನ ಸರಪಳಿ, ತುಂಡಾದ ಬೆಲ್ಟುಗಳು, ಯಾವ ಬೋಟಿನದೋ ಸ್ಟಿಯರಿಂಗು, ಬಿಸ್ಕಿಟ್ ಡಬ್ಬಿಗಳಲ್ಲಿ ತುಂಬಿದ ನಟ್ಟು ಬೋಲ್ಟುಗಳು. “ಒಂದು ದಿನ ಬೇಕಾಗ್ತದೆ” ಎನ್ನುವುದು ಅವನ ಮಂತ್ರ. ಆ ದಿನ ಯಾವುದು ಎಂದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಆದರೆ ಕತ್ತಲೆಯಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಯಾವ ಡಬ್ಬಿಯಲ್ಲಿ ಎಂತ ಉಂಟು ಎಂದು ಹೇಳಬಲ್ಲ. ಸ್ಟೋರಿನ ಬೀಗದ ಕೈಗಳ ಗೊಂಚಲು ಕಬ್ಬಿಣದ ಬಳೆಯೊಂದರಲ್ಲಿ ಅವನ ಸೊಂಟದಲ್ಲಿ ತೂಗುತ್ತಿತ್ತು. ಆ ಅರ್ಧ ಕಿಲೋ ಭಾರಕ್ಕೆ ಅವನ ನಡಿಗೆಯೇ ಒಂದು ಬದಿಗೆ ವಾಲಿತ್ತು.

ಈಗ ಬಂದದ್ದು ಸರಕಾರದ ಯೋಜನೆ. ಸಣ್ಣ ಕಾರ್ಖಾನೆಗಳು ಸಾಮಾನು, ಸಮಯ, ಜಾಗ ದಂಡ ಮಾಡದೆ ಕೆಲಸ ಮಾಡುವುದನ್ನು ಕಲಿಯಬೇಕು. ಕಲಿಸುವವರಿಗೆ ಕೊಡುವ ಶುಲ್ಕದಲ್ಲಿ ದೊಡ್ಡ ಪಾಲು ಸರಕಾರವೇ ಹೊರುತ್ತದೆ. ಹಾಗೆ ಕಲಿಸಲು ಮಣಿಪಾಲದಿಂದ ಬಂದವಳು ಪ್ರಣೀತಾ. ಆರು ತಿಂಗಳಿಂದ ನೆಲದ ಮೇಲೆ ಹಳದಿ ಗೆರೆ ಎಳೆಸಿ, ಸುತ್ತಿಗೆಯ ಆಕಾರದಲ್ಲೇ ಗೋಡೆಗೆ ಬಣ್ಣ ಹೊಡೆಸಿ ಸುತ್ತಿಗೆ ತೂಗಿಸಿದ್ದಳು. ಎಲ್ಲ ಸರಿಯಾಗಿತ್ತು. ಉಳಿದದ್ದು ಸ್ಟೋರು ಒಂದೇ. ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಕ್ಯಾರಲ್ ಮೇಡಂ ಇವತ್ತು ಮೂರು ಗಂಟೆಗೆ ಬರುವವರಿದ್ದರು.

“ಕಾರ್ಕಳದ ಗೇರುಬೀಜದ ಕಾರ್ಖಾನೆಯಲ್ಲಿ ಅರ್ಧ ಸ್ಟೋರು ಖಾಲಿ ಮಾಡಿದೆವು ಅಂಕಲ್. ಹೋದದ್ದು ಎಂತ ಅಂತ ಈಗ ಅಲ್ಲಿ ಯಾರಿಗೂ ನೆನಪೇ ಇಲ್ಲ.”

ಬಾಗಿಲಲ್ಲಿ ಯೋಗೀಶ ನಿಂತಿದ್ದ. ಕಾರ್ಖಾನೆ ಕಟ್ಟಿದ ದೊಡ್ಡ ಧಣಿಯ ಮಗ, ಈಗಿನ ಧಣಿ. “ಕರುಣಾಕರಣ್ಣ, ಮಲ್ಪೆಯ ಬೋಟ್ ಯಾರ್ಡಿನವರು ಸರ್ಟಿಫಿಕೇಟ್ ಇದ್ದರೆ ಮಾತ್ರ ಆರ್ಡರ್ ಅಂತ ಹೇಳಿದ್ದಾರೆ. ಇವತ್ತು ಫೇಲಾದರೆ ಅದು ನಿಮ್ಮ ಸ್ಟೋರಿನಿಂದ. ನಾಳೆಯಿಂದ ನೀವು ಗೇಟಿನ ಹೊರಗೆ. ಪಾಸಾದರೆ, ದೇವರಾಣೆ, ರಿಟೈರ್ ಆಗುವವರೆಗೆ ಆ ಬೀಗದ ಕೈ ನಿಮ್ಮ ಸೊಂಟದಿಂದ ಯಾರೂ ತೆಗೆಯುವುದಿಲ್ಲ.”

ಗಂಟೆ ಹತ್ತೂವರೆ. ಕೋಣೆಯ ತುಂಬ ಕೆಂಪು ಚೀಟಿಗಳು, ದಾಸವಾಳದ ಗಿಡ ಒಳಗೇ ಬೆಳೆದ ಹಾಗೆ. ಗುಜರಿಯವನ ಟೆಂಪೋ ಹನ್ನೆರಡಕ್ಕೆ ಬರುತ್ತದೆ. ಕರುಣಾಕರ ಚೀಟಿಗಳನ್ನು ಒಂದೊಂದಾಗಿ ನೋಡಿದ. ಸ್ಟೋರು ಉಳಿಯಬೇಕಾದರೆ ಸಾಮಾನು ಹೋಗಬೇಕು. ಸಾಮಾನು ಹೋದ ಮೇಲೆ ಸ್ಟೋರು ಉಳಿದು ಎಂತಕ್ಕೆ?

ಅವನು ಗುಜರಿಯವನಿಗೆ ಫೋನ್ ಮಾಡಿ ಬರುವುದು ಬೇಡ ಎಂದ. ಮತ್ತೆ ಹಿಂಬಾಗಿಲು ತೆರೆದ.

ಹಿಂದೆ ಎರಡು ಮನೆ. ಎಡಕ್ಕೆ ಫೌಸ್ಟಿನನ ಬೇಕರಿ. ಬಲಕ್ಕೆ, ಮೋಟು ಗೋಡೆಯ ಆಚೆ, ಮೀನು ಮಾರುವ ವಾರಿಜಕ್ಕನ ಮನೆ. ಸರಪಳಿ ಮತ್ತು ಬೆಲ್ಟುಗಳು ಫೌಸ್ಟಿನನ ರಸ್ಕು ಒಣಗಿಸುವ ಕೋಣೆಗೆ ಹೋದವು. “ಒಂದೇ ದಿನ ಮಾರಾಯ್ರೆ” ಎಂದು ಕರುಣಾಕರ ಕೈ ಮುಗಿದ. ಉಳಿದ ಡಬ್ಬಿಗಳೆಲ್ಲ ವಾರಿಜಕ್ಕನ ಸೌದೆ ಕೊಟ್ಟಿಗೆಗೆ.

“ಇದೆಂತ ಕರುಣಾಕರಾ, ಬೇರೆ ಮನೆ ಮಾಡ್ತೀಯಾ? ಹೆಂಡತಿ ಹೊರಗೆ ಹಾಕಿದಳಾ?”

“ಸರಕಾರ ಹೊರಗೆ ಹಾಕಿದ್ದು ಅಕ್ಕಾ. ಸಂಜೆ ವಾಪಸ್ ತಕೊಂಡು ಹೋಗ್ತೇನೆ. ಯಾವುದನ್ನೂ ಮುಟ್ಟಬೇಡಿ, ಆಯ್ತಾ?”

“ನನಗೆಂತಕ್ಕೆ ನಿನ್ನ ತುಕ್ಕು?” ಎಂದಳು ವಾರಿಜಕ್ಕ. ಆದರೆ ಅವಳ ಕಣ್ಣು ಆಗಲೇ ಡಬ್ಬಿಗಳ ಮೇಲೆ ಓಡಾಡುತ್ತಿತ್ತು.

ಮೂರಕ್ಕೆ ಸರಿಯಾಗಿ ಕ್ಯಾರಲ್ ಮೇಡಂ ಬಂದರು. ಕೈಯಲ್ಲಿ ಸ್ಟಾಪ್ ವಾಚು, ಮೂಗಿನ ತುದಿಯಲ್ಲಿ ಕನ್ನಡಕ. ಖಾಲಿ ಸ್ಟೋರಿಗೆ ಇಣುಕಿ ನೋಡಿದರು. ಒಂದು ಕಪಾಟು, ಒಂದು ಕುರ್ಚಿ, ಒಬ್ಬ ಕರುಣಾಕರ. ಕೋಣೆ ಎಷ್ಟು ಖಾಲಿಯಾಗಿತ್ತೆಂದರೆ ಅವನು ಕೆಮ್ಮಿದರೆ ಗೋಡೆ ತಿರುಗಿ ಕೆಮ್ಮುತ್ತಿತ್ತು.

“ಚೆನ್ನಾಗಿದೆ” ಎಂದು ಅವರು ಬರೆಯುವ ಹೊತ್ತಿಗೆ ಹಿಂಬಾಗಿಲಲ್ಲಿ ಗಲಗಲ ಸದ್ದು. ಫೌಸ್ಟಿನ್! ಲಂಗರಿನ ಸರಪಳಿಯನ್ನು ಮದುಮಗನ ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ಬೆವರು ಸುರಿಸುತ್ತ ನಿಂತಿದ್ದ.

“ಕರುಣಾಕರಣ್ಣ, ನನಗೆ ಇದು ಆಗುವುದಿಲ್ಲ. ರಸ್ಕಿಗೆಲ್ಲ ಗ್ರೀಸಿನ ವಾಸನೆ. ಇಡೀ...”

“ಬೇಡ ಅಂದೆನಲ್ಲ ನಿಮಗೆ!” ಕರುಣಾಕರನ ಗಂಟಲಿನಿಂದ ಅವನಿಗೇ ಪರಿಚಯವಿಲ್ಲದ ಸ್ವರ ಬಂತು. “ನಮಗೆ ಬೇಕಾದಾಗ ನಾವು ಹೇಳ್ತೇವೆ. ಬೇಡದ ಸಾಮಾನು ತಂದು ಸುರಿಯಬೇಡಿ. ತಕೊಂಡು ಹೋಗಿ!”

ಫೌಸ್ಟಿನ್ ಬಾಯಿ ಬಿಟ್ಟ. ಕರುಣಾಕರ ಕಣ್ಣಲ್ಲೇ ಅವನ ಕಾಲು ಹಿಡಿದ. ಏನೋ ಅರ್ಥವಾದವನ ಹಾಗೆ ಫೌಸ್ಟಿನ್ ಗಲಗಲ ಎನ್ನುತ್ತ ಹಿಂದಕ್ಕೆ ಹೋದ.

“ಯಾರು ಅವರು?” ಕ್ಯಾರಲ್ ಮೇಡಂ ಕೇಳಿದರು.

“ಅವರಾ? ಅವರು... ಸಾಮಾನು ಸಪ್ಲೈ ಮಾಡುವವರು.”

“ಇಲ್ಲೇ ಹಿಂದೆಯಾ?”

“ಇಲ್ಲೇ ಹಿಂದೆ.”

ಮೇಡಂ ಎರಡು ಸಾಲು ಬರೆದರು. ಬಾಗಿಲ ಮರೆಯಲ್ಲಿ ನಿಂತಿದ್ದ ಯೋಗೀಶ ಕರವಸ್ತ್ರದಿಂದ ಕತ್ತು ಒರೆಸಿಕೊಂಡ.

“ಈಗ ವಿಂಚಿನ ಒಂದು ರೋಲರ್ ಕಡೆದು ತೋರಿಸಿ. ಗೋಡೆಯ ಮೇಲೆ ಹನ್ನೆರಡು ನಿಮಿಷ ಅಂತ ಬರೆದಿದ್ದೀರಿ. ನೋಡುವ.”

ಕಬ್ಬಿಣ ಕಡೆಯುವ ಲೇತಿನ ಎದುರು ಅದನ್ನು ನಡೆಸುವ ಕಿಟ್ಟ ನಿಂತ. ಆ ಲೇತು ದೊಡ್ಡ ಧಣಿಯ ಕಾಲದ್ದು. ಅದನ್ನು ತಯಾರಿಸಿದ ಕಂಪನಿ ಬಾಗಿಲು ಮುಚ್ಚಿಯೇ ಇಪ್ಪತ್ತು ವರ್ಷ. ಕಿಟ್ಟ ಯಂತ್ರಕ್ಕೆ ಕೈ ಮುಗಿದು ಸ್ವಿಚ್ ಒತ್ತಿದ. ಗಡಿಯಾರ ಓಡಿತು. ಒಂದು ನಿಮಿಷ ಸರಿಯಾಗಿ ಹೋಯಿತು. ಎರಡನೆಯ ನಿಮಿಷಕ್ಕೆ ಕಟ್, ಕಟ್, ಕಟಾರ್ ಎಂದು ಸದ್ದಾಯಿತು. ಲೇತು ಕೊನೆಯ ಉಸಿರು ಬಿಟ್ಟ ಎಮ್ಮೆಯ ಹಾಗೆ ನಿಂತಿತು.

ಕಿಟ್ಟ ಬದಿಯ ಮುಚ್ಚಳ ತೆಗೆದು ನೋಡಿದ. “ಗೇರ್ ಹೋಯ್ತು ಮಾರಾಯ. ಮೂರು ಹಲ್ಲು ಉದುರಿದೆ.” ಮತ್ತೆ ಅಭ್ಯಾಸಬಲದಿಂದ ದೊಡ್ಡದಾಗಿ ಕೂಗಿದ. “ಕರುಣಾಕರಾ, ಮೂರನೇ ಬಿಸ್ಕಿಟ್ ಡಬ್ಬಿಯಲ್ಲಿ ದೊಡ್ಡ ಧಣಿ ತೆಗೆದಿಟ್ಟ ಒಂದು ಇತ್ತಲ್ಲ?”

ಪ್ರಣೀತಾಳ ಮುಖ ಸುಣ್ಣವಾಯಿತು. ಅದಕ್ಕೆ ಚೀಟಿ ಅಂಟಿಸಿದವಳು ಅವಳೇ.

“ವಾಚು ನಿಲ್ಲಿಸುವುದಾ ಮೇಡಂ?” ಯೋಗೀಶ ಕೇಳಿದ.

“ಯಾಕೆ? ಯಂತ್ರ ಹಾಳಾದಾಗ ನೀವು ಎಂತ ಮಾಡ್ತೀರಿ ಅಂತಲೇ ನಾನು ನೋಡಬೇಕಾದ್ದು.”

ಕರುಣಾಕರ ಓಡಿದ. ಸೊಂಟದ ಗೊಂಚಲನ್ನು ಒಂದು ಕೈಯಲ್ಲಿ ಅದುಮಿ ಹಿಡಿದು, ಮೋಟು ಗೋಡೆ ಹಾರಿ, ಒಣಹಾಕಿದ ಬಂಗುಡೆ ಮೀನುಗಳ ಮೇಲೆ ಒಂದು ಕಾಲಿಟ್ಟು, ಸೌದೆ ಕೊಟ್ಟಿಗೆಗೆ ನುಗ್ಗಿದ. ಮೊದಲನೇ ಡಬ್ಬಿ, ಎರಡನೇ ಡಬ್ಬಿ, ಮೂರನೇ ಡಬ್ಬಿ. ಮುಚ್ಚಳ ತೆಗೆದ. ಖಾಲಿ.

“ಅಕ್ಕಾ! ಇದರಲ್ಲಿದ್ದ ಗೇರ್ ಎಲ್ಲಿ?”

“ಯಾವುದು, ಆ ಹಲ್ಲು ಹಲ್ಲಿನ ಚಕ್ರವಾ?” ವಾರಿಜಕ್ಕ ಅಡುಗೆಮನೆಯಿಂದಲೇ ಉತ್ತರಿಸಿದಳು. “ಉಪ್ಪುನೀರಿಗೆ ಹಾಕಿದ ಹಲಸಿನ ಸೊಳೆ ಮೇಲೆ ಮೇಲೆ ಏಳ್ತಾ ಇತ್ತು. ಕಲ್ಲು ಸಾಲಲಿಲ್ಲ. ಭಾರಕ್ಕೆ ಅದನ್ನು ಇಟ್ಟೆ. ಹೇಳಿ ಮಾಡಿಸಿದ ಹಾಗುಂಟು.”

ಭರಣಿಯ ಬಾಯಲ್ಲಿ ತಟ್ಟೆ, ತಟ್ಟೆಯ ಮೇಲೆ ಗೇರ್. ಕರುಣಾಕರ ಕೈ ಚಾಚಿದ. ವಾರಿಜಕ್ಕ ಆ ಕೈಯನ್ನು ಏಡಿಯ ಹಾಗೆ ಹಿಡಿದಳು.

“ಎಣ್ಣೆ ಕೈ! ಭರಣಿ ಮುಟ್ಟಿದರೆ ಹುಳ ಆಗ್ತದೆ. ಮಳೆಗಾಲ ಇಡೀ ತಿನ್ನುವ ಸೊಳೆ ಅದು. ತೊಳೆದು ಬಾ.”

“ಅಕ್ಕಾ, ನನ್ನ ಸ್ಟೋರು ಹೋಗ್ತದೆ!”

“ಸೋಪು ಅಲ್ಲಿ ಉಂಟು.”

ಅವನು ಕೈ ತೊಳೆದ.

“ಒರೆಸು. ನೀರಿನ ಕೈಯೂ ಆಗುವುದಿಲ್ಲ.”

ಅವನು ಒರೆಸಿದ. ಆಚೆಯಿಂದ ಯೋಗೀಶ “ಕರುಣಾಕರಣ್ಣಾ...” ಎಂದು ಕೂಗುವುದು ಕೇಳಿಸಿತು, ಮುಳುಗುವವನ ಕೂಗು. ವಾರಿಜಕ್ಕ ಕೈಯ ಎರಡೂ ಬದಿ ತಿರುಗಿಸಿ ನೋಡಿ, ಒಪ್ಪಿ, ಬಿಟ್ಟಳು. ಅವನು ಗೇರ್ ಎತ್ತಿಕೊಂಡು ಬಂಗುಡೆಗಳ ಮೇಲೆ ಇನ್ನೊಂದು ಕಾಲನ್ನೂ ಇಟ್ಟು ಹಾರಿ ಬಂದ.

“ನಾಲ್ಕು ನಿಮಿಷ” ಎಂದರು ಕ್ಯಾರಲ್ ಮೇಡಂ ವಾಚು ನೋಡಿ. ಮತ್ತೆ ಮೂಗು ಅರಳಿಸಿದರು. “ಇದೆಂತ ವಾಸನೆ?”

“ತುಕ್ಕು ಬಾರದ ಹಾಗೆ ಹಚ್ಚುವುದು” ಎಂದ ಕರುಣಾಕರ ಏದುಸಿರು ಬಿಡುತ್ತ.

ಕಿಟ್ಟನ ಕೈ ಆ ದಿನ ಓಡಿದ ಹಾಗೆ ಎಂದೂ ಓಡಿರಲಿಲ್ಲ. ನಟ್ಟು ಬಿಚ್ಚಿ, ಗೇರ್ ಕೂರಿಸಿ, ಲೇತು ಮತ್ತೆ ತಿರುಗಿತು. ಹೊಳೆಯುವ ರೋಲರ್ ಹೊರಗೆ ಬರುವಾಗ ವಾಚಿನಲ್ಲಿ ಹನ್ನೊಂದು ನಿಮಿಷ ಐವತ್ತು ಸೆಕೆಂಡು.

ಕ್ಯಾರಲ್ ಮೇಡಂ ಕನ್ನಡಕ ತೆಗೆದು ಕರುಣಾಕರನನ್ನು ಮೊದಲ ಸಲ ಎಂಬಂತೆ ನೋಡಿದರು. “ಈ ಗೇರ್ ಎಲ್ಲಿಂದ ಬಂತು?”

“ಗೋಡೆಯ ಆಚೆಯಿಂದ.”

“ಅಲ್ಲಿಯೂ ನಿಮ್ಮ ಸಪ್ಲೈಯರ್ ಉಂಟಾ?”

ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. “ಉಂಟು” ಎಂದ. “ವಾರಿಜಾ ಅಂತ.”

ಆಫೀಸಿನಲ್ಲಿ ಎಳನೀರು ಕುಡಿದ ಮೇಲೆ ಮೇಡಂ ಬಾಯಿ ತೆರೆದರು. “ಪಾಸು. ಅದು ಮಾತ್ರ ಅಲ್ಲ, ಇಂಥದ್ದನ್ನು ನಾನು ಎಲ್ಲಿಯೂ ನೋಡಲಿಲ್ಲ. ಬೇಡದ್ದನ್ನು ಬಾಗಿಲಲ್ಲೇ ತಿರುಗಿಸಿ ಕಳಿಸ್ತೀರಿ. ಎಲ್ಲಿಯೂ ಸಿಗದ ಗೇರ್ ಬೇಕಾದ ಗಳಿಗೆಯಲ್ಲಿ ನಾಲ್ಕು ನಿಮಿಷಕ್ಕೆ ಬರ್ತದೆ. ಪುಸ್ತಕದಲ್ಲಿ ಮಾತ್ರ ಓದಿದ್ದು ನಾನು ಇದನ್ನು.”

ಕರುಣಾಕರನ ಎದೆ ಬಲೂನಿನ ಹಾಗೆ ಉಬ್ಬಿತು.

“ಒಂದೇ ಒಂದು ಸೂಚನೆ” ಎಂದರು ಮೇಡಂ. “ಸಪ್ಲೈಯರು ಗೋಡೆಯ ಆಚೆಯೇ ಇರುವಾಗ ನಿಮಗೆ ಸ್ಟೋರು ಎಂತಕ್ಕೆ? ಆ ಕೋಣೆಯೇ ದಂಡ. ಒಡೆದು ಎರಡನೇ ಲೇತು ಹಾಕಿ. ಅದನ್ನು ಷರತ್ತು ಅಂತ ಬರೆದಿದ್ದೇನೆ.”

ಬಲೂನು ಅಲ್ಲೇ ನಿಂತಿತು.

“ಮೇಡಂ, ನಿಜ ಹೇಳಬೇಕಾದರೆ...” ಕರುಣಾಕರ ಎದ್ದ. ಮೇಜಿನ ಕೆಳಗೆ ಯೋಗೀಶನ ಬೂಟು ಅವನ ಹೆಬ್ಬೆರಳ ಮೇಲೆ ಕೂತಿತು. ನಿಜ ಹೇಳಿದರೆ ಸರ್ಟಿಫಿಕೇಟು ಹೋಗುತ್ತದೆ, ಮಲ್ಪೆಯ ಆರ್ಡರೂ ಹೋಗುತ್ತದೆ, ಮತ್ತೆ ಗೇಟು. ಹೇಳದಿದ್ದರೆ ಸ್ಟೋರು ಹೋಗುತ್ತದೆ. “ನಿಜ ಹೇಳಬೇಕಾದರೆ ಎಳನೀರು ಇನ್ನೊಂದು ಉಂಟು” ಎಂದು ಕೂತ.

ಕಾರು ಹೋದ ಮೇಲೆ ಪ್ರಣೀತಾ ಸ್ಟೋರಿನ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದಳು. ಅಂಟಿಸುವಾಗ ಅವನ ಮುಖ ನೋಡಲಿಲ್ಲ.

“ಧಣಿ, ನೀವು ಆಣೆ ಹಾಕಿದ್ದೀರಿ.”

“ಹಾಕಿದ್ದೇನೆ ಕರುಣಾಕರಣ್ಣ, ತಪ್ಪುವುದಿಲ್ಲ.” ಯೋಗೀಶ ಅವನ ಬೆನ್ನು ತಟ್ಟಿದ. “ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ಯಾರಾದರೂ ಕೇಳಿದರೆ ಕೊಡಬೇಡಿ.”

ಸಾಮಾನನ್ನಾದರೂ ನೋಡಿಕೊಂಡು ಬರುವ ಎಂದು ಅವನು ಮೋಟು ಗೋಡೆ ಸುತ್ತಿ ಹೋದ. ಈ ಸಲ ಹಾರುವ ತ್ರಾಣ ಇರಲಿಲ್ಲ. ಸೌದೆ ಕೊಟ್ಟಿಗೆಯ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಅದರ ಕೈ ವಾರಿಜಕ್ಕನ ಸೆರಗಿನ ತುದಿಯಲ್ಲಿ ಗಂಟಾಗಿತ್ತು.

“ಆ ಹುಡುಗಿ ಬಂದು ನನ್ನ ಹೆಸರು, ಆಧಾರ್ ನಂಬರು ಎಲ್ಲ ಬರಕೊಂಡು ಹೋದಳು” ಎಂದಳು ವಾರಿಜಕ್ಕ, ತುಳಿದು ಅಪ್ಪಚ್ಚಿಯಾದ ಬಂಗುಡೆಗಳನ್ನು ಬುಟ್ಟಿಗೆ ಆರಿಸುತ್ತ. “ಇನ್ನು ಮೇಲೆ ನಿಮಗೆ ಎಂತ ಬೇಕಾದರೂ ಧಣಿಯ ಸಹಿ ಇರುವ ಚೀಟಿ ತರಬೇಕಂತೆ. ಸುಮ್ಮನೆ ನುಗ್ಗುವ ಹಾಗಿಲ್ಲ.”

“ಅದು ನನ್ನ ಸಾಮಾನು ಅಕ್ಕಾ. ಇಪ್ಪತ್ತಾರು ವರ್ಷದ್ದು.”

“ಹಾಗಂತ ಆ ಕನ್ನಡಕದವರ ಹತ್ತಿರ ಹೇಳು, ಹೋಗು.”

ಅವನು ಜಗಲಿಯ ಮೇಲೆ ಕುಸಿದು ಕೂತ. ವಾರಿಜಕ್ಕ ಒಳಗಿನಿಂದ ಒಂದು ಲೋಟ ಚಹಾ ತಂದು ಅವನ ಪಕ್ಕ ಇಟ್ಟಳು.

“ಬೇಜಾರು ಮಾಡಬೇಡ. ಡಬ್ಬಿಯಲ್ಲಿ ಎಂತೆಂತ ಉಂಟು ಅಂತ ನನಗೆ ಗೊತ್ತಿಲ್ಲ ಅಲ್ವಾ? ದಿನಾ ಬೆಳಿಗ್ಗೆ ಬಂದು ಕೂತುಕೋ. ಮೀನಿಗೆ ಬರುವ ಕಾಗೆಯನ್ನೂ ನೋಡಿಕೊಂಡ ಹಾಗಾಯ್ತು. ಮತ್ತೆ, ನನ್ನ ಚಕ್ರ ತಕೊಂಡು ಹೋದೆಯಲ್ಲ, ಸೊಳೆ ಪುನಃ ಮೇಲೆ ಬಂದಿದೆ. ಭಾರದ್ದು ಎಂತಾದರೂ ಉಂಟಾ?”

ಕರುಣಾಕರ ಚಹಾ ಮುಗಿಸಿದ. ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು, ಎರಡೂ ಬದಿ ಒರೆಸಿಕೊಂಡ. ಸೊಂಟದಿಂದ ಗೊಂಚಲು ಬಿಚ್ಚಿ, ಅದನ್ನೂ ಒರೆಸಿ, ಭರಣಿಯ ತಟ್ಟೆಯ ನಡುವೆ ಇಟ್ಟ. ತಟ್ಟೆ ಮೆಲ್ಲಗೆ ಕೆಳಗಿಳಿಯಿತು. ಸುತ್ತ ಉಪ್ಪುನೀರು ಮೇಲೆ ಬಂದು ನಿಂತಿತು.