ಗೇಟಿನ ಮೇಲಿನ ಬೈರಾಸು

ಹನ್ನೊಂದು ವರ್ಷ ಸರ್ವಿಸ್ ಆದವನಿಗೆ, ನಿನ್ನೆ ಮೊನ್ನೆ ಬಂದ ಮೇಲಧಿಕಾರಿ "ನಿಮಗೆ ಜನರ ವಿಷಯ ಎಂತದೂ ಗೊತ್ತಿಲ್ಲ" ಎಂದು ಮುಖದ ಮೇಲೆ ಹೇಳಿದರೆ ಬೇಜಾರಾಗುವುದಿಲ್ಲವೇ, ನೀವೇ ಹೇಳಿ. ಗಣೇಶಪ್ರಸಾದನಿಗೆ ಆಯಿತು. ಮಧ್ಯಾಹ್ನದ ಬುತ್ತಿಯಲ್ಲಿದ್ದ ಬೆಂಡೆಕಾಯಿ ಪಲ್ಯವನ್ನೂ ಅವನು ಹಾಗೇ ವಾಪಸ್ಸು ತಂದ.

ಅವನದು ಮೊಬೈಲ್ ಆ್ಯಪಿನಲ್ಲಿ ಯಾವ ಬಟನ್ ಎಲ್ಲಿರಬೇಕು, ಯಾವುದಕ್ಕೆ ಯಾವ ಬಣ್ಣ ಎಂದು ತೀರ್ಮಾನಿಸುವ ಕೆಲಸ. ಕಾಸರಗೋಡಿನಲ್ಲಿ ಒಂದು ಹೊಲಿಗೆ ಅಂಗಡಿಯ ಮಹಡಿ ಮೇಲೆ ಒಂಬತ್ತು ಮಂದಿಯ ಕಂಪೆನಿ. ಯಾರಾದರೂ ಫೋನು ಮಾಡಿ, "ಸಾರ್, ಇದು ಒತ್ತಿದರೆ ಬೇರೆ ಎಂತದೋ ಆಗ್ತದೆ" ಎಂದರೆ ಅವನ ಬಾಯಲ್ಲಿ ಉತ್ತರ ತಯಾರಿರುತ್ತಿತ್ತು: "ಅದು ಬಳಕೆದಾರರ ತಪ್ಪು." ಈ ಮಂತ್ರದ ಬಲದಿಂದಲೇ ಹನ್ನೊಂದು ವರ್ಷ ಸುಸೂತ್ರವಾಗಿ ಕಳೆದಿತ್ತು.

ಈಗ ಬಸ್ ಮಾಲೀಕರ ಸಂಘದವರು ಒಂದು ಆ್ಯಪ್ ಕೇಳಿದ್ದರು. ಒಳನಾಡಿನ ಜನ ಬಸ್ಸಿಗಾಗಿ ಕಾಯುವ ಕಷ್ಟ ತಪ್ಪಬೇಕು ಎಂದು ಅವರ ಆಸೆ. ಗಣೇಶಪ್ರಸಾದ ಎರಡು ವಾರ ಕೂತು ಏಳು ಪುಟಗಳ ಭವ್ಯ ವಿನ್ಯಾಸ ಮಾಡಿದ. ನಕ್ಷೆ, ಹವಾಮಾನ, ಸೀಟಿನ ಚಿತ್ರ, ಓಡುವ ಪುಟ್ಟ ಬಸ್ಸು. ಹೊಸ ಮೇಲಧಿಕಾರಿ ದೀಪ್ತಿ ಎಲ್ಲವನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದಳು.

"ನೀವು ಕೊನೆಗೆ ಬಸ್ಸಿನಲ್ಲಿ ಹೋದದ್ದು ಯಾವಾಗ ಸಾರ್?"

"ಡಿಗ್ರಿಯಲ್ಲಿರುವಾಗ. ಈಗ ಸ್ಕೂಟರ್ ಉಂಟಲ್ಲ."

"ಹಾಗಾದರೆ ಇದು ಬೇಡ. ಒಂದು ವಾರ ಮನೆಯಲ್ಲಿದ್ದು, ಬಸ್ಸಿನಲ್ಲಿ ಹೋಗುವ ಒಬ್ಬರನ್ನು ನೋಡಿ. ಬರೇ ನೋಡಬೇಕು. ಎಂತ ಬೇಕು ಅಂತ ಕೇಳಿದರೆ ಜನ ಏನಾದರೊಂದು ಹೇಳ್ತಾರೆ, ಮಾಡುವುದು ಬೇರೆ. ಸೋಮವಾರ ಹತ್ತೂವರೆಗೆ ಸಂಘದವರು ಬರ್ತಾರೆ. ಅಷ್ಟರೊಳಗೆ ಸರಿಯಾಗದಿದ್ದರೆ ಇದನ್ನು ಬೇರೆಯವರಿಗೆ ಕೊಡ್ತೇನೆ, ನೀವು ಅರ್ಜಿ ಟೈಪ್ ಮಾಡುವ ವಿಭಾಗಕ್ಕೆ ಹೋಗಿ."

ಅರ್ಜಿ ವಿಭಾಗ ಎಂದರೆ ಕಕ್ಕಸಿನ ಪಕ್ಕದ ಕೋಣೆ. ಫ್ಯಾನ್ ಇಲ್ಲ. ಗಣೇಶಪ್ರಸಾದ ಒಪ್ಪಿದ.

ನೋಡುವುದಕ್ಕೆ ಅವನು ದೂರ ಹೋಗಬೇಕಾಗಿರಲಿಲ್ಲ. ಹೆಂಡತಿ ಶಂಕರಿ ಕಾಸರಗೋಡಿನ ಒಂದು ಶಾಲೆಯಲ್ಲಿ ಟೀಚರು. ಕಾಸರಗೋಡಿಗೆ ಹೋಗುವ ದಾರಿಯಲ್ಲಿ ಬೋವಿಕಾನಕ್ಕೆ ಎರಡು ಕಿಲೋಮೀಟರ್ ಮೊದಲೇ ಸಿಗುವ ಅವರ ಮನೆಯ ಗೇಟಿನೆದುರು 'ಮಂದಾರ' ಎಂಬ ಬಸ್ಸು ಹತ್ತಿ ಹೋಗುವವಳು. ಅಲ್ಲಿ ನಿಲ್ದಾಣವೂ ಇಲ್ಲ. ಬಸ್ಸಿನ ಹೊತ್ತು ಎಂಟು ಮೂವತ್ತೈದು ಎಂದು ಮಾತು, ಆದರೆ ಅದು ಒಂದು ದಿನ ಎಂಟು ಇಪ್ಪತ್ತೆಂಟಕ್ಕೆ ಬಂದರೆ ಇನ್ನೊಂದು ದಿನ ಎಂಟು ನಲವತ್ತೇಳಕ್ಕೆ. ಆದರೂ ಶಂಕರಿ ಚಪ್ಪಲಿ ಮೆಟ್ಟಿ ಗೇಟು ದಾಟುವುದಕ್ಕೂ ಬಸ್ಸು ಬಂದು ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಆರು ವರ್ಷದಲ್ಲಿ ಒಂದು ದಿನವೂ ಬಸ್ಸು ತಪ್ಪಿರಲಿಲ್ಲ. ಅಡಿಗೆಮನೆಯ ಗಡಿಯಾರ ನಾಲ್ಕೂಕಾಲಿಗೆ ನಿಂತು ಎರಡು ವರ್ಷವಾಗಿತ್ತು ಬೇರೆ.

ಇವಳಿಗೆ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆ ಆರು ವರ್ಷ ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಗಣೇಶಪ್ರಸಾದನಿಗೆ ಆಶ್ಚರ್ಯವಾಯಿತು. ಅಂದು ರಾತ್ರಿಯ ಊಟಕ್ಕೆ ಕೂತಾಗಲೇ ಘೋಷಿಸಿದ.

"ನಾಳೆಯಿಂದ ಒಂದು ವಾರ ನಾನು ನಿನ್ನನ್ನು ನೋಡ್ತೇನೆ."

"ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು. ಈಗ ನೆನಪಾಯ್ತಾ?"

"ಹಾಗಲ್ಲ ಮಾರಾಯ್ತಿ. ಇದು ವೈಜ್ಞಾನಿಕವಾಗಿ ನೋಡುವುದು. ಬಸ್ಸು ಬರುವುದು ನಿನಗೆ ಹೇಗೆ ಗೊತ್ತಾಗ್ತದೆ ಅಂತ."

"ಅದಕ್ಕೆ ಎಂತ ನೋಡ್ಲಿಕ್ಕುಂಟು? ನಾನು ಹೇಳ್ತೇನೆ. ನನ್ನ ಟೈಮ್ ಅಂದ್ರೆ ಟೈಮ್. ನಿಮ್ಮ ಹಾಗೆ..."

"ನೀನು ಹೇಳಬಾರದು! ಬಳಕೆದಾರರು ಹೇಳಬಾರದು. ನಾನು ಕೇಳಲೂಬಾರದು."

"ನಾನು ಹೇಳಿದ್ದನ್ನು ನೀವು ಯಾವಾಗ ಕೇಳಿದ್ದೀರಿ?" ಎಂದು ಶಂಕರಿ ಮಜ್ಜಿಗೆ ಬಡಿಸಿದಳು.

ಮರುದಿನ ಆರೂವರೆಗೆ ಗಣೇಶಪ್ರಸಾದ ನೋಟ್‌ಪುಸ್ತಕ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತ. ಶಂಕರಿ ವಾರ್ಷಿಕೋತ್ಸವದ ಸೀರೆ ಉಟ್ಟು ಅಕ್ಕಿಯುಂಡೆಯ ಪುಂಡಿ ಬೇಯಿಸುತ್ತಿದ್ದಳು. ದಿನವೂ ಉಪ್ಪಿಟ್ಟಿನಲ್ಲಿ ಮುಗಿಯುವ ಮನೆಯಲ್ಲಿ ಪುಂಡಿ, ಅದಕ್ಕೆ ಎರಡು ಬಗೆಯ ಚಟ್ನಿ. (ಇದನ್ನು ಅವನು ಬರೆದುಕೊಳ್ಳಲಿಲ್ಲ, ತಿಂದ.) ಅಷ್ಟರಲ್ಲಿ ಅವಳು ಹಿತ್ತಲಿನ ಬಟ್ಟೆ ಕಲ್ಲಿನ ಹತ್ತಿರದಿಂದ ಬೊಬ್ಬೆ ಹಾಕಿದಳು.

"ಮೂರು ವಿಶಲ್ ಆಯ್ತು, ಗ್ಯಾಸ್ ಆಫ್ ಮಾಡಿ!"

ಗಣೇಶಪ್ರಸಾದ ಅಲುಗಲಿಲ್ಲ. ನೋಡುವವನು ನಡುವೆ ಕೈ ಹಾಕಬಾರದು ಎಂಬುದು ಶಾಸ್ತ್ರ.

"ಕೇಳ್ತದಾ ಇಲ್ವಾ? ಗ್ಯಾಸ್!"

ಅವನು ಬರೆದ: 'ಬಳಕೆದಾರರು ಅಸಹನೆ ವ್ಯಕ್ತಪಡಿಸುತ್ತಾರೆ.' ಏಳನೆಯ ವಿಶಲಿಗೆ ಬೇಳೆ ತಳ ಹಿಡಿದು ಮನೆಯಿಡೀ ಕಮಟು ವಾಸನೆ. ಒದ್ದೆ ಕೈಯಲ್ಲೇ ಓಡಿ ಬಂದ ಶಂಕರಿ, "ಎಂತ ಮರ್ಲು ನಿಮಗೆ?" ಎಂದದ್ದನ್ನೂ ಅವನು ನಿಷ್ಠೆಯಿಂದ ದಾಖಲಿಸಿದ.

ಸ್ನಾನ ಮಾಡಿ ಬಂದವಳು ತಲೆ ಒರಸಿದ ಕೆಂಪು ಬೈರಾಸನ್ನು ಎಂದಿನಂತೆ ಗೇಟಿನ ಮೇಲೆ ಹರವಿದಳು. ಗಣೇಶಪ್ರಸಾದನಿಗೆ ಮೈ ಉರಿಯಿತು. ಈ ಬೈರಾಸಿನ ಜಗಳ ಆ ಮನೆಯಷ್ಟೇ ಹಳೆಯದು.

"ಎಷ್ಟು ಸಲ ಹೇಳಿದ್ದೇನೆ, ಗೇಟಿಗೆ ಬೈರಾಸು ಹಾಕ್ಬೇಡ ಅಂತ! ದಾರಿಯಲ್ಲಿ ಹೋಗುವವರು ಎಂತ ಹೇಳ್ತಾರೆ?"

"ಬೆಳಿಗ್ಗೆ ಬಿಸಿಲು ಬೀಳುವುದು ಗೇಟಿಗೆ ಮಾತ್ರ. ಬಿಸಿಲನ್ನು ಈಚೆ ತಿರುಗಿಸಿ ಕೊಡಿ, ಇಲ್ಲೇ ಹಾಕ್ತೇನೆ. ಮತ್ತೆ, ನೋಡುವವರು ಮಾತಾಡಬಾರದು ಅಂತ ಯಾರೋ ಹೇಳಿದ್ರು."

ಅವನು ಮತ್ತೆ ಪೆನ್ನು ಹಿಡಿದ, ಆದರೆ ಬೈರಾಸನ್ನು ಪುಸ್ತಕದಲ್ಲಿ ಬರೆಯಲಿಲ್ಲ. ಅದು ಮನೆಯ ಮರ್ಯಾದೆಯ ವಿಷಯ, ಸಂಶೋಧನೆಗೆ ಸೇರಿದ್ದಲ್ಲ.

ಅಂದು ಬಸ್ಸು ಬಂದದ್ದು ಎಂಟು ನಲವತ್ತೊಂದಕ್ಕೆ. ಶಂಕರಿ ಗೇಟು ದಾಟಿದ್ದೂ ಎಂಟು ನಲವತ್ತೊಂದಕ್ಕೆ. ಪುಸ್ತಕ ಹಿಡಿದು ಗೇಟಿನ ಪಕ್ಕ ನಿಂತ ಗಣೇಶಪ್ರಸಾದನ ಕೂದಲು ನೆಟ್ಟಗಾಯಿತು. ಹಾರನ್ನು ಕೇಳಿಸಿರಲಿಲ್ಲ, ಫೋನು ಬಂದಿರಲಿಲ್ಲ, ಅವಳು ಒಮ್ಮೆಯೂ ರಸ್ತೆಯ ಕಡೆ ನೋಡಿರಲಿಲ್ಲ. ನೆರೆಮನೆಯ ಪ್ರೇಮಾವತಿ ಅಂಗಳ ಗುಡಿಸಿ ಮುಗಿಸುವ ಸದ್ದು ಕೇಳಿ ಹೊರಡುತ್ತಾಳೋ ಎಂದುಕೊಂಡರೆ ಪ್ರೇಮಾವತಿ ಅಂದು ಗುಡಿಸಿಯೇ ಇರಲಿಲ್ಲ. ಕಾಗೆಗೆ ಅನ್ನ ಇಡುವ ಹೊತ್ತೋ? ರೇಡಿಯೋ ವಾರ್ತೆಯೋ? ಸಂಜೆಯವರೆಗೆ ಅವನು ಎಂಟು ಪುಟ ಬರೆದ. ಇಷ್ಟು ವರ್ಷದ ಕೆಲಸದಲ್ಲಿ ಒಂದು ವಿಷಯ ಇಷ್ಟು ತಲೆ ಕೊರೆದದ್ದು ಇದೇ ಮೊದಲು, ಮತ್ತು ಅದು ಅವನಿಗೆ ಬಹಳ ಖುಷಿ ಕೊಟ್ಟಿತು.

ಎರಡನೆಯ ದಿನದಿಂದ ವಿಚಿತ್ರವಾಯಿತು. ಬಸ್ಸು ಸರಿಯಾಗಿ ಎಂಟು ಮೂವತ್ತೈದಕ್ಕೆ ಬಂತು. ಮೂರನೆಯ ದಿನವೂ ಎಂಟು ಮೂವತ್ತೈದು, ನಾಲ್ಕನೆಯ ದಿನವೂ, ಐದನೆಯ ದಿನವೂ. ಶಂಕರಿಯೂ ಯಾರೋ ನೋಡುತ್ತಿದ್ದಾರೆಂದು ಬೇಗ ಬೇಗ ಕೆಲಸ ಮುಗಿಸಿ, ಮಲ್ಲಿಗೆ ಮುಡಿದು, ಎಂಟು ಮೂವತ್ತೈದಕ್ಕೆ ಗೇಟಿನಲ್ಲಿ ಹಾಜರಾಗುತ್ತಿದ್ದಳು. ಶನಿವಾರ ಗಣೇಶಪ್ರಸಾದ ಪುಸ್ತಕಕ್ಕೆ ಗೆರೆ ಎಳೆದು ತೀರ್ಪು ಬರೆದ: 'ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆ. ಬಳಕೆದಾರರ ಒಳಗೆ ಒಂದು ಗಡಿಯಾರವಿದೆ. ಆದ್ದರಿಂದ ಆ್ಯಪಿಗೆ ದೊಡ್ಡ ಗಡಿಯಾರ ಸಾಕು.'

"ನನ್ನೊಳಗೆ ಗಡಿಯಾರವಾ?" ಶಂಕರಿಗೆ ಉಬ್ಬು. "ನಾನು ಮೊದಲೇ ಹೇಳಿದ್ದಲ್ವಾ? ಅದಕ್ಕೆ ಒಂದು ವಾರ ಸ್ಟೂಲಲ್ಲಿ ಕೂರಬೇಕಿತ್ತಾ?"

ಸೋಮವಾರ. ಸಂಘದವರಿಗೆ ತೋರಿಸಲು ಒಂದು ವೀಡಿಯೊ ಇದ್ದರೆ ಒಳ್ಳೆಯದೆಂದು ಅವನಿಗೆ ಹೊಳೆಯಿತು: ಶಂಕರಿ ಬಾಗಿಲು ದಾಟಿ ಬರುವುದು, ಬಸ್ಸು ಬಂದು ನಿಲ್ಲುವುದು, ಮತ್ತೆ ಇಬ್ಬರೂ ಅದೇ ಬಸ್ಸಿನಲ್ಲಿ ಹೋಗುವುದು. ಮೊಬೈಲ್ ಹಿಡಿದು ನೋಡಿದರೆ ಚೌಕಟ್ಟಿನ ನಟ್ಟನಡುವೆ ಕೆಂಪು ಬೈರಾಸು. ಇಡೀ ಸಂಘದೆದುರು ಈ ಬೈರಾಸೇ? ಅವನು ಅದನ್ನು ಸರ್ರನೆ ಎಳೆದು ಹೆಗಲಿಗೆ ಹಾಕಿಕೊಂಡ.

"ನಾನು ಹೇಳಿದ ಮೇಲೆ ಹೊರಗೆ ಬಾ!" ಎಂದು ಕೂಗಿದ. ಒಳಗಿಂದ, "ಪಿನ್ನು ಸಿಕ್ಕಿಸ್ತಾ ಇದ್ದೇನೆ!" ಎಂಬ ಉತ್ತರ ಬಂತು.

ಎಂಟು ಮೂವತ್ತೈದಕ್ಕೆ ಮಂದಾರ ಬಂತು. ನಿಲ್ಲಲಿಲ್ಲ. ಗಣೇಶಪ್ರಸಾದನನ್ನು ಕಂಡು ಇನ್ನಷ್ಟು ಜೋರಾಗಿ, ಧೂಳೆಬ್ಬಿಸಿಕೊಂಡು ಹೋಗಿಯೇಬಿಟ್ಟಿತು.

ಶಂಕರಿ ಓಡಿ ಬಂದು ಖಾಲಿ ರಸ್ತೆ ನೋಡಿದಳು. ಆರು ವರ್ಷದ ದಾಖಲೆ. ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಬಂದದ್ದು ಸಿಟ್ಟು.

"ಎಂತ ಮಾಡಿದ್ರಿ ನೀವು?"

"ನಾನು ಎಂತದೂ ಮಾಡ್ಲಿಲ್ಲ! ಬರೇ ನೋಡಿದ್ದು!"

"ನೀವು ನೋಡಿದ್ದೇ ಹೆಚ್ಚಾಯ್ತು. ಸ್ಕೂಟರ್ ತೆಗೀರಿ!"

ಹಾಗೆ ಶುರುವಾಯಿತು ಬಸ್ಸಿನ ಬೆನ್ನಟ್ಟುವಿಕೆ. ಇಳಿಜಾರಿನಲ್ಲಿ ಸ್ಕೂಟರು, ಹಿಂದೆ ಶಂಕರಿಯ ವೀಕ್ಷಕ ವಿವರಣೆ. "ಎಡಕ್ಕೆ! ಹೊಂಡ ಉಂಟು, ಹೊಂಡ! ಅಯ್ಯೋ ದೇವರೇ." ಬೋವಿಕಾನಕ್ಕೆ ಇನ್ನೂ ಒಂದು ತಿರುವು ಇರುವಾಗ ಬಸ್ಸು ಇದ್ದಕ್ಕಿದ್ದ ಹಾಗೆ ಕಿರ್ರೆಂದು ಬ್ರೇಕು ಹಾಕಿ ನಿಂತಿತು. ಗಣೇಶಪ್ರಸಾದ ಹಾರನ್ನೂ ಹಾಕಿರಲಿಲ್ಲ, ಕೈಯನ್ನೂ ತೋರಿಸಿರಲಿಲ್ಲ. ಇದು ಹೇಗೆ ನಿಂತಿತು ಎಂದು ಆ ಗಡಿಬಿಡಿಯಲ್ಲೂ ಅವನಿಗೆ ಕುತೂಹಲ.

ಸ್ಕೂಟರನ್ನು ಬದಿಗಿಟ್ಟು ಇಬ್ಬರೂ ಹತ್ತಿದರು. ಡ್ರೈವರ್ ಉಗ್ಗಪ್ಪ ಸೀಟಿನಿಂದಲೇ ತಿರುಗಿ ಕೈ ಮುಗಿದ.

"ತಪ್ಪಾಯ್ತು ಟೀಚರ್. ಬೈರಾಸು ಕಾಣ್ಲಿಲ್ಲ. ಈಗ ಕನ್ನಡಿಯಲ್ಲಿ ಸ್ಕೂಟರಿನ ಮೇಲೆ ಕಂಡಿತು, ಕೂಡಲೇ ನಿಲ್ಲಿಸಿದೆ."

"ಯಾವ ಬೈರಾಸು?" ಎಂದಳು ಶಂಕರಿ.

ಗಣೇಶಪ್ರಸಾದನ ಹೆಗಲಲ್ಲಿ ಅದು ಇನ್ನೂ ನೇತಾಡುತ್ತಿತ್ತು. ಕಂಡಕ್ಟರ್ ಲತೀಶ್ ಅದನ್ನು ತೋರಿಸಿದ. "ಇದೇ. ನಾವು ಮೇಲಿನ ತಿರುವಿನಲ್ಲಿ ಚಾ ಕುಡಿಯುವುದಲ್ವಾ, ಅಲ್ಲಿಂದ ನಿಮ್ಮ ಗೇಟು ಕಾಣ್ತದೆ. ಬೈರಾಸು ಬಿದ್ದರೆ ಟೀಚರ್‌ದು ಸ್ನಾನ ಆಯ್ತು, ಇನ್ನು ಐದು ಮಿನಿಟು ಅಂತ ಲೆಕ್ಕ. ಆಗ ಬಸ್ಸು ತೆಗೆಯುವುದು. ಕೆಳಗೆ ಬರುವಾಗ ಟೀಚರ್ ಗೇಟಿನಲ್ಲಿ. ಚಾ ಮುಗಿದರೂ ಬೈರಾಸು ಇಲ್ಲದಿದ್ದರೆ ಟೀಚರ್‌ಗೆ ರಜೆ."

"ಹಾಗಾದರೆ ನನ್ನೊಳಗಿನ ಗಡಿಯಾರ?" ಶಂಕರಿಯ ಸ್ವರ ಸಣ್ಣದಾಯಿತು.

"ಗಡಿಯಾರ ಎಂತದೂ ಇಲ್ಲ ಟೀಚರ್, ನಾವೇ ಕಾಯುವುದು," ಎಂದ ಉಗ್ಗಪ್ಪ. "ಪ್ರೇಮಾವತಿಯಕ್ಕ ಬರುವುದಿದ್ದರೆ ಪಾಗಾರದ ಗೋಡೆ ಮೇಲೆ ಬಾಲ್ದಿ ಕವುಚಿ ಹಾಕ್ತಾರೆ. ಚನಿಯಣ್ಣ ಬರುವುದಿದ್ದರೆ ಅವರ ನಾಯಿ ಮೊದಲೇ ಬಂದು ರಸ್ತೆಬದಿ ಕೂತಿರ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ನೋಡ್ತಾ ನೋಡ್ತಾ ಗೊತ್ತಾಗ್ತದೆ."

"ಮತ್ತೆ ಕಳೆದ ವಾರ ಎಲ್ಲಾ ಎಂಟು ಮೂವತ್ತೈದಕ್ಕೇ ಬಂದಿರಲ್ಲ?" ಗಣೇಶಪ್ರಸಾದನ ಕೊನೆಯ ಆಸೆ.

ಲತೀಶ್ ನಕ್ಕ. "ಅದು ನಿಮ್ಮಿಂದ ಸಾರ್! ಗೇಟಿನ ಹತ್ತಿರ ಒಬ್ಬರು ಪುಸ್ತಕ ಹಿಡಿದು ಟೈಮ್ ಬರೀತಾರೆ ಅಂದ್ರೆ ಸಾರಿಗೆ ಇಲಾಖೆಯವರೇ ಅಂತ ಉಗ್ಗಪ್ಪಣ್ಣ ಒಂದು ವಾರ ಚಾ ಬಿಟ್ಟಿದ್ದಾರೆ. ಇವತ್ತು ನೋಡಿದರೆ ಮೊಬೈಲ್ ಬೇರೆ! ಕೇಸು ಹಾಕ್ತಾರೆ ಅಂತ ಹೆದರಿ ಓಡಿಸಿದ್ದು."

ಬಸ್ಸಿಡೀ ನಕ್ಕಿತು. ಗಣೇಶಪ್ರಸಾದ ಸೀಟಿಗೆ ಒರಗಿ ತನ್ನ ನೋಟ್‌ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದ. ಪ್ರೇಮಾವತಿಯ ಅಂಗಳ, ಕಾಗೆ, ರೇಡಿಯೋ, ಕುಕ್ಕರಿನ ವಿಶಲು, ಎಲ್ಲವೂ ಇದ್ದವು. ಬೈರಾಸು ಎಂಬ ಮೂರಕ್ಷರ ಎಲ್ಲೂ ಇರಲಿಲ್ಲ. ನಾಚಿಕೆಯಾಯಿತು, ಆದರೆ ಅದಕ್ಕಿಂತ ಹೆಚ್ಚು ಸಂತೋಷವಾಯಿತು, ಸುಳ್ಳು ಹೇಳಬಾರದು. ಕಾಸರಗೋಡು ಬರುವವರೆಗೆ ಅವನು ಉಗ್ಗಪ್ಪನ ಹಿಂದಿನ ಸೀಟಿನಲ್ಲಿ ಕೂತು, ಯಾವ ಮನೆಗೆ ಯಾವ ಗುರುತು ಎಂದು ಒಂದೊಂದಾಗಿ ನೋಡುತ್ತ ಬಂದ.

ಹತ್ತೂವರೆಗೆ ಸಂಘದವರೆದುರು ಗಡಿಯಾರವನ್ನು ತೋರಿಸಲೇ ಇಲ್ಲ. ಹೆಗಲ ಬೈರಾಸನ್ನು ಮೇಜಿನ ಮೇಲೆ ಹರವಿ ನಡೆದದ್ದನ್ನು ನಡೆದ ಹಾಗೆ ಹೇಳಿದ. ಮಾಲೀಕರು ಮೇಜು ಬಡಿದು ನಕ್ಕರು. ದೀಪ್ತಿ ಮಾತ್ರ ನಗದೆ ಹಲಗೆಯ ಬಳಿ ಹೋಗಿ ಒಂದೇ ಒಂದು ಬಟನ್ ಬರೆದಳು. ಬರುವವರು ಅದನ್ನು ಒತ್ತಿದರೆ ಡ್ರೈವರನ ಫೋನಿನಲ್ಲಿ ಆ ಜಾಗಕ್ಕೆ ಒಂದು ಕೆಂಪು ಬೈರಾಸು ಕಾಣುತ್ತದೆ. ಅಷ್ಟೇ. ಏಳು ಪುಟ ಹೋಗಿ ಒಂದು ಬಟನ್ ಉಳಿಯಿತು, ಕೆಲಸವೂ ಉಳಿಯಿತು, ಫ್ಯಾನೂ ಉಳಿಯಿತು. ಆ್ಯಪಿನ ಕೊನೆಯಲ್ಲಿ 'ಕಲ್ಪನೆ: ಉಗ್ಗಪ್ಪ ಮತ್ತು ಶಂಕರಿ ಟೀಚರ್' ಎಂದು ಹಾಕಬೇಕೆಂದು ಸಂಘದವರು ಹಟ ಹಿಡಿದರು. ಗಣೇಶಪ್ರಸಾದ ಆ ಸಾಲನ್ನು ಅಂದವಾದ ಅಕ್ಷರದಲ್ಲಿ ತಾನೇ ಕೂರಿಸಿದ.

ಗೇಟಿನ ಬೈರಾಸಿಗೆ ಅಂದಿನಿಂದ ಅವನದು ತಕರಾರಿಲ್ಲ. ತಕರಾರಿಲ್ಲ ಎಂದರೆ ಸಾಲದು, ಭಕ್ತಿಯೇ ಬಂದಿತ್ತು. ಮುಂದಿನ ಭಾನುವಾರ ಬೆಳಿಗ್ಗೆ ಎಣ್ಣೆ ಹಚ್ಚಿ ತಲೆಗೆ ಮಿಂದು, ಅದೇ ಕೆಂಪು ಬೈರಾಸಿನಲ್ಲಿ ಒರಸಿ, ಬಿಸಿಲು ಚೆನ್ನಾಗಿರುವುದು ಗೇಟಿನಲ್ಲೇ ಎಂದು ಅಲ್ಲಿಯೇ ಹರವಿ, ಒಳಗೆ ಬಂದು ಲುಂಗಿಯಲ್ಲಿ ಆರಾಮವಾಗಿ ದೋಸೆಗೆ ಕೂತ.

ಎರಡನೆಯ ದೋಸೆಗೆ ಹೊರಗೆ ಹಾರನ್ನು. ಮೂರನೆಯದಕ್ಕೆ ಇನ್ನೂ ಉದ್ದದ ಹಾರನ್ನು. ಕಿಟಕಿಯಿಂದ ಇಣುಕಿದರೆ ಮಂದಾರ ಗೇಟಿನೆದುರು ನಿಂತಿದೆ, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಕುಂಬಳೆಗೆ ಮದುವೆಗೆ ಹೊರಟ ಪ್ರೇಮಾವತಿ ಕಿಟಕಿಯಿಂದ ಕೈ ಬೀಸಿ, "ಬೇಗ ಟೀಚರ್, ಮುಹೂರ್ತ ತಪ್ಪುತ್ತದೆ!" ಎಂದು ಕೂಗುತ್ತಿದ್ದಾಳೆ.

ಶಂಕರಿ ದೋಸೆ ಸಟ್ಟುಗ ಹಿಡಿದುಕೊಂಡೇ ಗಂಡನನ್ನು ನೋಡಿದಳು. ಮತ್ತೆ ಗೇಟನ್ನು ನೋಡಿದಳು.

"ಅದು ಯಾರು ಹಾಕಿದ್ದು?"

"ನಾನು. ಒಣಗಲಿ ಅಂತ..."

"ಹತ್ತು ಮಿನಿಟಿಂದ ಅಷ್ಟು ಜನ ಕಾದಿದ್ದಾರೆ. ನೀವೇ ಹೋಗಿ ಹೇಳಿ, ಯಾರ ತಪ್ಪು ಅಂತ."

ಗಣೇಶಪ್ರಸಾದ ಅಂಗಿಯೊಳಗೆ ಕೈ ತೂರಿಸುತ್ತ ಅಂಗಳಕ್ಕೆ ಇಳಿದ. ಅರುವತ್ತು ಜೊತೆ ಕಣ್ಣು ಅವನ ಮೇಲೆ. ಉಗ್ಗಪ್ಪ ವಿನಯದಿಂದ, "ಇವತ್ತು ಸಾರ್ ಬರುವುದಾ?" ಎಂದು ಕೇಳಿದ. ಹನ್ನೊಂದು ವರ್ಷದ ಮಂತ್ರ ಗಂಟಲವರೆಗೆ ಬಂತು, ಆದರೆ ಈ ಸಲ ಬಳಕೆದಾರ ತಾನೇ ಆಗಿದ್ದ. ಇಷ್ಟು ಜನರನ್ನು ಕಾಯಿಸಿ, ಸುಮ್ಮನೆ ತಲೆ ಒರಸಿದ್ದು ಎಂದು ಹೇಳುವುದು ಹೇಗೆ?

"ಹೌದು, ಬರುವುದು," ಎಂದು ಅವನು ಲುಂಗಿ ಸರಿಮಾಡಿಕೊಂಡು ಬಸ್ಸು ಹತ್ತಿದ.