ಸಾರ್ಜೆಂಟ್ ಟೋಪಿ ತೊಟ್ಟ ಹಂದಿ

ಫೆಲಿಮ್ ಗಕಿಯನ್ ಗುರುವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ 'ಉಳಿಸು' ಒತ್ತುವ ಬದಲು ಪಕ್ಕದ 'ಪ್ರಕಟಿಸು' ಒತ್ತಿಬಿಟ್ಟ. ಒತ್ತಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಚಹಾ ಬಗ್ಗಿಸಿಕೊಂಡು, ಸೋಡಾ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ಕೂತ.

ಅವನು ಲೀಟ್ರಿಮ್ ಸೀಮೆಯ ಕ್ಲೂನ್‌ಬ್ರ್ಯಾಕ್ ಊರಿನ ಇತಿಹಾಸ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿಯನ್ನು ಆರಿಸಿದ ಸಭೆಗೆ ಅವನು ಹೋಗಿರಲಿಲ್ಲ. ಅದಕ್ಕೇ ಅವನನ್ನು ಆರಿಸಿದ್ದರು. ನಿವೃತ್ತ ಪೋಸ್ಟ್‌ಮ್ಯಾನ್, ಮದುವೆಯಿಲ್ಲ, ಯಾರಿಗೂ ಇಲ್ಲವೆನ್ನಲು ಅವನಿಗೆ ಬಾರದು. ಸಂಘದ ಜಾಲತಾಣಕ್ಕೆ ಹಳೆಯ ಫೋಟೋ, ಜನಗಣತಿಯ ಹಾಳೆ, ಮುದುಕರ ಮಾತಿನ ಧ್ವನಿಮುದ್ರಣ ಎಲ್ಲವನ್ನೂ ಏರಿಸುವುದು ಅವನ ಕೆಲಸ.

ಈ ಸಲ ಸಿಕ್ಕಿದ್ದು ಭಾರಿ ಮೀನು. ಪತ್ರಾಗಾರದವರು ಅಂತರ್ಜಾಲಕ್ಕೆ ಹಾಕಿದ ಹಳೆಯ ಕೋರ್ಟಿನ ಪುಸ್ತಕದ ಒಂದು ಪುಟ. ೧೮೯೩ರಲ್ಲಿ ಕ್ಲೂನ್‌ಬ್ರ್ಯಾಕಿನ ಕೂಲಿಯವನಾದ ಮ್ಯಾಥ್ಯೂ ಟ್ಯಾನಿಯನ್ ಎಂಬಾತ ಕಂಠಪೂರ್ತಿ ಕುಡಿದು, ಪೊಲೀಸ್ ಸಾರ್ಜೆಂಟರ ಟೋಪಿಯನ್ನು ಹಂದಿಯೊಂದರ ತಲೆಗಿಟ್ಟು, ದೊಡ್ಡ ಬೀದಿಯುದ್ದಕ್ಕೂ ಅದಕ್ಕೆ ಸಲಾಮು ಹೊಡೆಯುತ್ತಾ ನಡೆದನಂತೆ. ಶಿಕ್ಷೆ, ಒಂದು ವಾರ ಜೈಲು. ಫೆಲಿಮ್ ಅದನ್ನು ತಾನೇ ಓದಿ, ಧ್ವನಿಮುದ್ರಿಸಿ, ಪುಟದ ಚಿತ್ರಕ್ಕೆ ಜೋಡಿಸಿದ್ದ. ಆದರೆ ಊರಿಗೆ ತೋರಿಸುವ ಧೈರ್ಯವಿರಲಿಲ್ಲ. ಅಟ್ರಾಕ್ಟಾ ಬೋಹನ್ ಟೀಚರ್ ಹುಟ್ಟಿದ್ದು ಟ್ಯಾನಿಯನ್ನರ ಮನೆಯಲ್ಲಿ. ಅವರ ಅಜ್ಜನ ಹೆಸರೂ ಮ್ಯಾಥ್ಯೂ.

ಒಂಬತ್ತಕ್ಕೆ ಫೋನ್ ಬಡಿದುಕೊಂಡಿತು.

"ಫೆಲಿಮ್!"

ಅರವತ್ತಾರರ ಫೆಲಿಮ್ ಬ್ರೆಡ್ಡು ಕೆಳಗಿಟ್ಟು ಎದ್ದು ನಿಂತ. "ಟೀಚರ್..."

"ನಮ್ಮಜ್ಜ ಹಂದಿಗೆ ಸಲಾಮು ಹೊಡೆದ್ರು ಅಂತ ಇಡೀ ಪ್ರಪಂಚಕ್ಕೆ ಸಾರಿದೀಯಲ್ಲೋ! ಕೊನೇಲಿ ಆ ಹಂದಿ ಗುರುಗುಡೋ ಸದ್ದು ಬೇರೆ ಯಾಕೆ?"

"ಅದು... ನಾನೇ ಮಾಡಿದ್ದು ಟೀಚರ್."

"ಗೊತ್ತಾಯ್ತು ಬಿಡು. ಒಂದನೇ ಕ್ಲಾಸಿಂದ ಕೇಳ್ತಿದೀನಿ ನಿನ್ನ ದನಿ. ಈಗಲೇ ತೆಗಿ!"

ಫೆಲಿಮ್ ತೆಗೆಯಲು ಬೆರಳು ಚಾಚಿದ್ದನಷ್ಟೆ, ಕಸಾಯಿ ಅಂಗಡಿಯ ಕಾಥಲ್ ಗಿಲ್ರೇನ್ ರಕ್ತದ ಕಲೆಯ ಏಪ್ರನ್ನಿನಲ್ಲೇ ಒಳಗೆ ನುಗ್ಗಿದ. ಅವನು ಸಂಘದ ಅಧ್ಯಕ್ಷ.

"ಮುಟ್ಟಬೇಡ ಅದನ್ನ! ಬಾಸ್ಟನ್ನಿಂದ ಜನ ಬರೀತಿದಾರೆ, ಪರ್ತ್‌ನಿಂದ ಬರೀತಿದಾರೆ. ಮೂರು ವರ್ಷದಲ್ಲಿ ನಮ್ಮ ವೆಬ್‌ಸೈಟ್ ನೋಡಿದವರು ನಾನು, ನೀನು, ಮತ್ತೆ ದಾರಿ ತಪ್ಪಿ ಬಂದ ಒಬ್ಬ ಜರ್ಮನ್ನು. ಇವತ್ತು ಮೂರು ಗಂಟೆಗೆ ರೇಡಿಯೋದವರು ಬರ್ತಾರೆ ಕಣೋ!"

ಅವನ ಮಾತು ಮುಗಿಯುವ ಮುಂಚೆಯೇ ಟೀಚರ್ ಬಾಗಿಲಲ್ಲಿ ನಿಂತಿದ್ದರು. ಎಂಬತ್ತೆರಡು ವಯಸ್ಸು, ಕೈಯಲ್ಲಿ ಕೊಡೆ. ಆ ಕೊಡೆಯನ್ನು ಅವರು ಮಳೆಗೆ ಹಿಡಿದದ್ದನ್ನು ಯಾರೂ ನೋಡಿರಲಿಲ್ಲ.

ಅರ್ಧ ಗಂಟೆ ಕೂಗಾಡಿದ ಮೇಲೆ ಒಪ್ಪಂದವಾಯಿತು. ಕತೆ ಇರಲಿ, ಹೆಸರು ಬದಲಾಗಲಿ.

"ಯಾರ ಹೆಸರು ಹಾಕ್ಲಿ?" ಎಂದ ಫೆಲಿಮ್. "ಕಾಥಲ್, ನಿಮ್ಮಜ್ಜಂದು?"

"ಯಾರು ನಂಬ್ತಾರೆ? ನಮ್ಮಜ್ಜನ ಕೈಗೆ ಸಿಕ್ಕ ಹಂದಿ ಟೋಪಿ ಹಾಕ್ಕೊಳ್ಳೋವರೆಗೂ ಬದುಕಿರ್ತಿರಲಿಲ್ಲ."

"ಮಾನ ಹೋದ್ರೂ ಕೇಳೋರು ಇಲ್ಲದ ಮನೆ ನೋಡ್ರಪ್ಪ," ಎಂದರು ಟೀಚರ್. ಎಂದವರು ಫೆಲಿಮ್‌ನನ್ನೇ ನೋಡತೊಡಗಿದರು. ಕಾಥಲ್ ಕೂಡ ನೋಡಿದ.

"ನಮ್ಮಜ್ಜ ಓವನ್ ಹೆಂಡದ ಬಾಟಲಿ ಮುಟ್ಟಿದೋರಲ್ಲ!" ಫೆಲಿಮ್ ಬಡಬಡಿಸಿದ. "ಊರಲ್ಲಿ ಪಾನನಿಷೇಧ ಸಂಘ ಶುರು ಮಾಡಿದ್ದೇ ಅವರು. ನಮ್ಮಕ್ಕ ಡಿಂಪ್ನಾ ಆ ಸಂಘದ ಪಿನ್ನು ಎದೆ ಮೇಲೆ ಚುಚ್ಚಿಕೊಂಡೇ ಮಲಗ್ತಾಳೆ. ನನ್ನ ಚರ್ಮ ಸುಲೀತಾಳೆ!"

"ಡಿಂಪ್ನಾ ನಾಕ್ ಪುಣ್ಯಕ್ಷೇತ್ರದ ಯಾತ್ರೆಗೆ ಹೋಗಿದಾಳಲ್ವಾ?" ಎಂದ ಕಾಥಲ್. "ಬಸ್ಸು ವಾಪಸ್ ಬರೋದು ಆರಕ್ಕೆ. ಅಷ್ಟರಲ್ಲಿ ರೇಡಿಯೋ ಮುಗಿದಿರುತ್ತೆ."

ಇಲ್ಲವೆನ್ನಲು ಬಾರದ ಫೆಲಿಮ್, ಪುಟದ ಚಿತ್ರ ತೆಗೆದುಹಾಕಿ, ಹೆಸರು ಬದಲಿಸಿ ಮತ್ತೆ ಓದಿ, ತನ್ನ ಸ್ವಂತ ಅಜ್ಜನಿಗೆ ಕುಡಿಸಿ ಹಂದಿಯ ಹಿಂದೆ ಕಳಿಸಿದ.

ಮೂರಕ್ಕೆ ಸರಿಯಾಗಿ ರೇಡಿಯೋದ ಮುರಿನ್ ಬಂದಳು. ಮೈಕು ಹಿಡಿದದ್ದೇ ಅವಳ ಗಂಟಲಲ್ಲಿ ಕಹಳೆ ಮೊಳಗಿತು. "ಆಗ ನಮ್ಮನ್ನಾಳುತ್ತಿದ್ದ ಪರಕೀಯರ ಟೋಪಿಯನ್ನ ಹಂದಿಯ ತಲೆಗಿಟ್ಟ ಧೀರ! ಒಂದು ಹನಿ ರಕ್ತ ಸುರಿಸದೆ ಮಾಡಿದ ಬಂಡಾಯ! ಫೆಲಿಮ್ ಅವರೇ, ನಿಮ್ಮಜ್ಜನ ಎದೆಯಲ್ಲಿ ಆಗ ಏನಿದ್ದಿರಬಹುದು?"

"ವಿಸ್ಕಿ," ಎಂದ ಫೆಲಿಮ್.

"ಎಂಥಾ ವಿನಯ ಕೇಳುಗರೇ!" ಎಂದಳು ಮುರಿನ್.

ನಾಲ್ಕರ ಹೊತ್ತಿಗೆ ಊರಿಗೆ ಊರೇ ಫೆಲಿಮ್‌ನ ಕೈ ಕುಲುಕುತ್ತಿತ್ತು. ಪಬ್ಬಿನಲ್ಲಿ ಕೇಳದೆಯೇ ಬಿಯರು ಬಂತು. ಕಾಥಲ್ ತನ್ನ ಗಾಜಿನ ಕಿಟಕಿಗೆ 'ಸಾರ್ಜೆಂಟ್ ಸಾಸೇಜು' ಎಂದು ಬರೆದು ಅಂಟಿಸಿದ. ಮೂರನೆಯ ಗುಟುಕಿಗೆ ಫೆಲಿಮ್‌ಗೂ ಅಜ್ಜ ಹಂದಿಗೆ ಟೋಪಿ ಸರಿಮಾಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು.

ಐದೂಮುಕ್ಕಾಲಿಗೆ ಮನೆಗೆ ಬಂದರೆ ಟೀಚರ್ ಅವನ ಕುರ್ಚಿಯಲ್ಲೇ ಕೂತಿದ್ದರು.

"ಕಳ್ಳ! ನಮ್ಮಜ್ಜನ್ನೇ ಕದ್ದುಬಿಟ್ಯಲ್ಲೋ!"

"ನೀವೇ ಅಲ್ವಾ ಟೀಚರ್ ಹೇಳಿದ್ದು..."

"ಆಗ ಅವರು ಕುಡುಕ. ಈಗ ಸ್ವಾತಂತ್ರ್ಯ ಹೋರಾಟಗಾರ. ವಾಪಸ್ ಕೊಡು!"

ಫೆಲಿಮ್‌ಗೆ ಹೋದ ಜೀವ ಬಂದಂತಾಯಿತು. ಡಿಂಪ್ನಾ ಬರುವಷ್ಟರಲ್ಲಿ ಹೆಸರು ತಿದ್ದಿಬಿಟ್ಟರೆ ಚರ್ಮ ಉಳಿಯಿತು. ಓಡಿಹೋಗಿ ಕಂಪ್ಯೂಟರ್ ಹಚ್ಚಿದ. ಅಷ್ಟರಲ್ಲಿ ಹೊರಗೆ ಬಸ್ಸು ನಿಂತ ಸದ್ದು. ಡಿಂಪ್ನಾ ಒಳಬಂದಳು. ಕೆನ್ನೆ ಕೆಂಪಾಗಿತ್ತು. ಫೆಲಿಮ್ ಮೇಜಿನ ಆಚೆ ಬದಿಗೆ ಸರಿದ.

"ಬಸ್ಸಿನ ರೇಡಿಯೋದಲ್ಲಿ ಐದು ಗಂಟೆಗೆ ಮತ್ತೆ ಹಾಕಿದ್ರು ಕಣೋ ನಿನ್ನ ಕಾರ್ಯಕ್ರಮಾನ!" ಎಂದಳು. "ಎಲ್ಲರೂ ಎದ್ದು ನಿಂತು ಚಪ್ಪಾಳೆ! ಪಾದ್ರಿಗಳು ತಮ್ಮ ಕಿಟಕಿ ಸೀಟೇ ನನಗೆ ಬಿಟ್ಟುಕೊಟ್ರು. ನಲವತ್ತು ವರ್ಷದಿಂದ ಯಾತ್ರೆ ಹೋಗ್ತಿದೀನಿ, ಇಷ್ಟು ಪುಣ್ಯ ಯಾವತ್ತೂ ಬಂದಿರಲಿಲ್ಲ!"

"ಅದು ನಮ್ಮಜ್ಜ ಡಿಂಪ್ನಾ," ಎಂದರು ಟೀಚರ್. "ನಿಮ್ಮಜ್ಜ ಜನ್ಮದಲ್ಲಿ ಒಂದು ತೊಟ್ಟು ಕುಡಿದೋರಲ್ಲ."

"ಕದ್ದು ಕುಡೀತಿದ್ರು!" ಎದೆಯ ಪಿನ್ನು ಕುಣಿಯುವಂತೆ ಡಿಂಪ್ನಾ ಅಬ್ಬರಿಸಿದಳು. "ನಮ್ಮನೆ ವಿಷ್ಯ ನಿಮಗೇನ್ ಗೊತ್ತು?"

ಕೊಡೆ ಮೇಲೆದ್ದಿತು. ಯಾತ್ರೆಯ ಪವಿತ್ರ ಜಲದ ಬಾಟಲಿ ಅದಕ್ಕೆದುರು ಎದ್ದಿತು. ನಡುವೆ ಸಿಕ್ಕ ಫೆಲಿಮ್, "ಮೂಲ ಪುಟಾನೇ ತೋರಿಸ್ತೀನಿ, ಜಗಳ ಬೇಡ," ಎಂದು ತೆರೆಯ ಕಡೆ ತಿರುಗಿದರೆ, ಪತ್ರಾಗಾರದಿಂದ ಹೊಸ ಮೇಲ್ ಒಂದು ಬಂದು ಕೂತಿತ್ತು. ಗಟ್ಟಿಯಾಗಿ ಓದಿದ.

"ನಿಮ್ಮ ರೇಡಿಯೋ ಕಾರ್ಯಕ್ರಮ ಬಹಳ ಸೊಗಸಾಗಿತ್ತು. ಒಂದೇ ಒಂದು ತಿದ್ದುಪಡಿ. ಕ್ಲೂನ್‌ಬ್ರ್ಯಾಕ್ ಎಂಬ ಊರು ಮೇಯೋ ಸೀಮೆಯಲ್ಲೂ ಒಂದಿದೆ. ಹಂದಿಯ ಪುಟ ಅಲ್ಲಿಯ ಕೋರ್ಟಿನದು. ನಮ್ಮವರು ತಪ್ಪಾಗಿ ನಿಮ್ಮ ಊರಿನ ಕಡತಕ್ಕೆ ಸೇರಿಸಿದ್ದರು. ಕ್ಷಮೆಯಿರಲಿ. ಆ ವರ್ಷ ನಿಮ್ಮ ಊರಿನಲ್ಲಿ ಯಾವ ಅಪರಾಧವೂ ನಡೆದಿಲ್ಲ."

ಕೊಡೆ ಮೆಲ್ಲಗೆ ಕೆಳಗಿಳಿಯಿತು.

"ಅಂದ್ರೆ... ನಮ್ಮಜ್ಜ?" ಎಂದರು ಟೀಚರ್.

"ನಿರಪರಾಧಿ, ಟೀಚರ್."

ಗಲ್ಲು ಶಿಕ್ಷೆ ಕೇಳಿದವರಂತೆ ಟೀಚರ್ ಕುರ್ಚಿಗೆ ಕುಸಿದರು.

"ಮೇಯೋದವರು!" ಡಿಂಪ್ನಾ ಹಲ್ಲು ಕಡಿದಳು. "ಮುಟ್ಟಿದ್ದೆಲ್ಲ ತಮ್ಮದೇ ಅಂತಾರೆ. ಈಗ ನಮ್ಮ ಹಂದಿಗೂ ಕೈ ಹಾಕಿದ್ರು."

ಟೀಚರ್ ತಲೆಯೆತ್ತಿದರು. ಬೆಳಗಿನಿಂದ ಮೊದಲ ಸಲ ಅವರ ಮುಖದಲ್ಲಿ ಕಳೆ ಬಂತು. "ಸರಿಯಾಗಿ ಹೇಳಿದೆ. ಫೆಲಿಮ್, ಕೂತ್ಕೋ. ಬರ್ಕೋ. 'ಮಾನ್ಯರೇ, ನೂರ ಮೂವತ್ತು ವರ್ಷಗಳಿಂದ ನಮ್ಮೂರಿನ ಮನೆಮನೆಯಲ್ಲೂ ಅಭಿಮಾನದಿಂದ ಹೇಳಿಕೊಂಡು ಬಂದಿರುವ ಈ ಘಟನೆ...'"

"ಟೀಚರ್, ಇದು ಊರಿಗೆ ಗೊತ್ತಾಗಿದ್ದೇ ಇವತ್ತು ಬೆಳಿಗ್ಗೆ!"

"ಮಧ್ಯೆ ಬಾಯಿ ಹಾಕಬೇಡ."

"ನಾನು ರಾಜೀನಾಮೆ ಕೊಡ್ತೀನಿ."

"ಕೊಡು, ಯಾರು ಬೇಡ ಅಂದ್ರು? ಮೊದಲು ಈ ಪತ್ರ ಮುಗಿಸು. ಕೆಳಗೆ ಕಾರ್ಯದರ್ಶಿಯ ಸಹಿ ಬೇಕು."

ಡಿಂಪ್ನಾ ಬಾಟಲಿ ಬದಿಗಿಟ್ಟು ಟೀಚರ್ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಇಬ್ಬರೂ ಅಕ್ಕತಂಗಿಯರಂತೆ ತಲೆಗೆ ತಲೆ ಕೂಡಿಸಿ ಒಂದೊಂದೇ ವಾಕ್ಯ ಹೇಳುತ್ತಾ ಹೋದರು. ಮನೆಯಲ್ಲಿ ಅಪರೂಪದ ಶಾಂತಿ ನೆಲೆಸಿತು. ಫೆಲಿಮ್ ಬರೆದ, ಬರೆದ, ಕೊನೆಗೊಂದು ಖಾಲಿ ಜಾಗದ ಹತ್ತಿರ ಬಂದು ನಿಂತ.

"ಹಂದಿಗೆ ಟೋಪಿ ಹಾಕಿದವರ ಹೆಸರು ಏನಂತ ಬರೀಲಿ?" ಎಂದು ಕೇಳಿದ.

ಕೇಳಬಾರದಿತ್ತು.