ಷಡ್ಡಕರ ಫುಟ್‌ಬಾಲ್

ನನ್ನ ಷಡ್ಡಕರು ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಆಡಿದವರು ಎಂದರೆ ನೀವು ನಂಬುವುದಿಲ್ಲ. ಬಿಡಿ, ಅದು ಬೇರೆ ಫುಟ್‌ಬಾಲ್ ಎಂದು ಅವರಿಗೇ ಗೊತ್ತಿರಲಿಲ್ಲ!

ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ಶಿಕಾಗೋ ಬಳಿಯ ಕಾಲೇಜಿಗೆ ಬಂದ ಈ ಭಾವ, ನೋಟಿಸ್ ಬೋರ್ಡಿನಲ್ಲಿ ‘ಫುಟ್‌ಬಾಲ್’ ಎಂದು ಕಂಡದ್ದೇ ಹೆಸರು ಕೊಟ್ಟರು. ಮೈದಾನಕ್ಕೆ ಹೋದರೆ ಚೆಂಡು ಸಿಪ್ಪೆ ಸುಲಿಯದ ತೆಂಗಿನಕಾಯಿಯ ಹಾಗಿತ್ತು. ವಾಪಸ್ ಬರಲು ಮರ್ಯಾದೆ ಬಿಡಬೇಕಲ್ಲ? ಒದ್ದರು. ಅದು ನೇರವಾಗಿ ಗೋಲಿನ ಎರಡು ಕಂಬಗಳ ನಡುವೆ ಹೋಯಿತು. ನಾಲ್ಕು ವರ್ಷ ಒದೆಯುವುದಕ್ಕಷ್ಟೇ ಅವರನ್ನು ಕರೆದರು, ಮಿಕ್ಕ ಹೊತ್ತು ಬೆಂಚಿನ ಮೇಲೆ ಕೂತು ಗಣಿತ ಓದಿದರು. ಹೀಗೆ ಡೆಟ್ರಾಯಿಟ್ ಕಡೆಯ ಸಣ್ಣ ಶಾಲೆಯೊಂದಕ್ಕೆ ಗಣಿತದ ಮೇಷ್ಟ್ರೂ ಕೋಚೂ ಆದರು.

ಈ ಆಟದಲ್ಲಿ ಮುಂದಿನ ನಡೆಯನ್ನು ಕೂಗಿ ಹೇಳಬೇಕು, ಎದುರಾಳಿಗೆ ಮಾತ್ರ ತಿಳಿಯಬಾರದು. ಭಾವ ಕನ್ನಡ ಕಲಿಸಿದರು. ಆರಡಿ ಎತ್ತರದ ಹುಡುಗರು ‘ಏಡಕ್ಕೇ’, ‘ಬಾಲಕ್ಕೇ’ ಎಂದು ಅರಚುತ್ತಿದ್ದರು. ಆದರೂ ಆ ವರ್ಷ ಒಂದನ್ನುಳಿದು ಎಲ್ಲ ಮ್ಯಾಚೂ ಆಡಿ ಸೋತರು. ಕೊನೆಯದನ್ನಾದರೂ ಗೆಲ್ಲದಿದ್ದರೆ ತಂಡವನ್ನೇ ಮುಚ್ಚುತ್ತೇವೆ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟರು.

ಕೊನೆಯ ಮ್ಯಾಚು ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ. ನಾನು ಶಿಕಾಗೋ ಪಕ್ಕದ ಶಾಮ್‌ಬರ್ಗ್‌ನಿಂದ ಮುನ್ನೂರು ಮೈಲಿ ಡ್ರೈವ್ ಮಾಡಿ ಹೋದೆ. ನಮ್ಮ ಹುಡುಗ ‘ಏಡಕ್ಕೇ’ ಎಂದ. ನನ್ನ ಹಿಂದಿನ ಸಾಲಿನಿಂದ ಒಬ್ಬ ಆಂಟಿ ಎದುರಾಳಿ ತಂಡದ ತಮ್ಮ ಮಗನಿಗೆ ಕೂಗಿದರು: “ಎಡಕ್ಕೆ ಬರ್ತಾನಂತೆ, ಹಿಡ್ಕೊಳ್ಳೋ.”

“ಐ ನೋ, ಮಾಮ್,” ಎಂದ ಅವನು, ಹಿಡಿದೂಬಿಟ್ಟ.

ಕನ್ನಡಿಗರೇ ತುಂಬಿರುವ ನೋವೈಯಲ್ಲಿ ಕನ್ನಡವನ್ನು ಗುಟ್ಟಿನ ಭಾಷೆ ಅಂದುಕೊಂಡವರು ಭಾವ ಒಬ್ಬರೇ ಇರಬೇಕು! ತಕ್ಷಣ ಹುಡುಗರನ್ನು ಕರೆದು, ಇನ್ನು ‘ಎಡಕ್ಕೆ’ ಅಂದರೆ ಬಲಕ್ಕೆ ಎಂದರು. ಅರ್ಧ ಜನ ಕೇಳಿಸಿಕೊಂಡರು, ಅರ್ಧ ಜನ ಇಲ್ಲ. ನಮ್ಮವರೇ ನಮ್ಮವರಿಗೆ ಡಿಕ್ಕಿ ಹೊಡೆದು ಬಿದ್ದರು. ಸೋತೆವು.

ಆಂಟಿ ಡಬ್ಬಿ ಹಿಡಿದು ಭಾವನ ಹತ್ತಿರ ಬಂದರು. “ನೀವು ಮೈಸೂರು ಕಡೆಯೋರಾ? ಪುಳಿಯೋಗರೆ ಇದೆ, ತಿನ್ನಿ.”

ಭಾವ ಜೋಲು ಮುಖದಲ್ಲೇ ಎರಡು ತಟ್ಟೆ ತಿಂದರು. ಆಮೇಲೆ ನನಗೊಬ್ಬನಿಗೇ ಹೇಳಿದರು: “ಹುಡುಗರಿಗೆ ಹೇಗಯ್ಯಾ ಹೇಳ್ಲಿ? ತಂಡ ನನ್ನಿಂದಾನೇ ಹೋಯ್ತು.”

ಸೋಮವಾರ ತಂಡ ಮುಚ್ಚಿದ ನೋಟಿಸ್ ಬಂತು. ಸಂಜೆ ಸಾಮಾನು ತರಲು, ಇನ್ನೂ ಅವರ ಮನೆಯಲ್ಲೇ ಉಳಿದಿದ್ದ ನಾನೂ ಭಾವನ ಜೊತೆ ಶಾಲೆಯ ಮೈದಾನಕ್ಕೆ ಹೋದೆ. ಹುಡುಗರೆಲ್ಲ ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ನಿಂತಿದ್ದರು.

ಇನ್ನು ಮ್ಯಾಚೇ ಇಲ್ಲವಲ್ಲ ಎಂದರು ಭಾವ, ಇಂಗ್ಲಿಷಿನಲ್ಲಿ.

ಗೊತ್ತು ಕೋಚ್, ಪ್ರಾಕ್ಟೀಸಿಗೆ ಬಂದಿದ್ದೇವೆ ಎಂದ ಕ್ಯಾಪ್ಟನ್.

ಭಾವ ಸೀಟಿಯನ್ನು ಬಾಯಿಗಿಟ್ಟರು. ಊದಲಾಗಲಿಲ್ಲ. ನನ್ನ ಕಣ್ಣೂ ತುಂಬಿತ್ತು. ಸೀಟಿ ಇಸಿದುಕೊಂಡು ನಾನೇ ಊದಿದೆ.